ಎರಡನೇ ಕೀ

ನನ್ನ ಓರಗಿತ್ತಿಯ ಮೇಲೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದ್ದನ್ನು ಹೇಳುವುದು ಸುಲಭ. ಅವಳು ನನ್ನ ಮೈದುನನ ಹೆಂಡತಿ, ನನಗಿಂತ ಒಂಬತ್ತು ವರ್ಷ ಚಿಕ್ಕವಳು, ಈ ಮನೆಗೆ ಬಂದು ಐದು ವರ್ಷವಾಯಿತು. ಬಂದ ವಾರಕ್ಕೇ ಅತ್ತೆ ಅವಳನ್ನು ‘ಪುಟ್ಟಿ’ ಎಂದು ಕರೆಯತೊಡಗಿದರು. ನಾನು ಬಂದು ಹದಿನಾಲ್ಕು ವರ್ಷವಾದರೂ ಇವತ್ತಿಗೂ ‘ದೊಡ್ಡವಳು’. ಅವಳಿಗೆ ಹೆಸರು ಸಿಕ್ಕಿತು, ನನಗೆ ಸರದಿ ನಂಬರು ಸಿಕ್ಕಿತು.

ಕೇಕಿನ ಕೆಲಸ ಶುರು ಮಾಡಿದವಳು ನಾನು. ಮನೆಯ ಹಿಂದಿನ ಕೋಣೆಯಲ್ಲಿ ಒಂದು ಹಳೆಯ ಓವನ್ ಇಟ್ಟುಕೊಂಡು, ಮೊದಲ ಮೂರು ತಿಂಗಳು ಸೀದದ್ದನ್ನೂ ಕುಸಿದದ್ದನ್ನೂ ಮನೆಯವರಿಗೇ ತಿನ್ನಿಸಿ, ಆಮೇಲೆ ಕೈ ಕುದುರಿಸಿಕೊಂಡೆ. ಪುಟ್ಟಿ ಬಂದಾಗ ಅವಳಿಗೆ ಮೊಟ್ಟೆ ಒಡೆಯುವುದೂ ನೆಟ್ಟಗೆ ಬರುತ್ತಿರಲಿಲ್ಲ. ಕೈ ಹಿಡಿದು ಕಲಿಸಿದೆ. ಅವಳು ಕಲಿತಳು. ಕಲಿತವಳು ಅಷ್ಟಕ್ಕೇ ಸುಮ್ಮನಿರಬೇಕೋ ಬೇಡವೋ? ಕ್ರೀಮಿನಲ್ಲಿ ಹೂವು ಮಾಡುವುದರಲ್ಲಿ ನನ್ನನ್ನೇ ಮೀರಿಸಿಬಿಟ್ಟಳು. ಅವಳ ಗುಲಾಬಿ ನೋಡಿದವರು ಬಗ್ಗಿ ಮೂಸುತ್ತಾರೆ. ಈಗ ಫೋನ್ ಬಂದರೆ ‘ಆ ಗುಲಾಬಿ ಮಾಡುವವರು ಇದ್ದಾರಾ?’ ಎಂದೇ ಕೇಳುತ್ತಾರೆ. ಒಳಗಿನ ಸ್ಪಂಜು ಕೇಕು ನನ್ನದು, ಸುತ್ತಲಿನ ಕ್ರೀಮಿನ ಅಂಚು ನನ್ನದು. ಅಂಚನ್ನು ಯಾರು ನೋಡುತ್ತಾರೆ? ಫೋಟೋ ತೆಗೆಯುವವರೂ ಮೇಲಿನಿಂದಲೇ ತೆಗೆಯುತ್ತಾರೆ.

ಕೇಕು ಸಾಗಿಸುವುದಕ್ಕೆ ನಮ್ಮದೊಂದು ಪದ್ಧತಿ ಇದೆ. ಅದನ್ನು ಹುಡುಕಿದವಳೂ ನಾನೇ. ಕೇಕು ಒಳಗಿರುವಷ್ಟು ಹೊತ್ತು ಕಾರಿನ ಎಸಿ ನಿಲ್ಲಬಾರದು. ಎಸಿ ನಿಲ್ಲಬಾರದೆಂದರೆ ಎಂಜಿನ್ ನಿಲ್ಲಬಾರದು, ಅಂದರೆ ಕೀ ಗಾಡಿಯಲ್ಲೇ ಇರಬೇಕು. ಹಾಗಂತ ಕೀ ಬಿಟ್ಟು ಬಾಗಿಲು ತೆರೆದಿಟ್ಟು ಹೋಗಲಾದೀತೇ? ಅದಕ್ಕೇ ಎರಡು ಕೀ, ಇಬ್ಬರು ಹೆಂಗಸರು. ಪುಟ್ಟಿ ಓಡಿಸುತ್ತಾಳೆ, ಅವಳ ಕೀ ಅಲ್ಲೇ ಇರುತ್ತದೆ. ಇಳಿಯುವಾಗ ಬಾಗಿಲಿನ ಗುಂಡಿ ಒತ್ತಿ, ಹಿಡಿಕೆ ಎತ್ತಿ ಹಿಡಿದು ಬಾಗಿಲು ಹಾಕಿದರೆ ನಮ್ಮ ಹಳೆಯ ಕಾರು ಲಾಕ್ ಆಗುತ್ತದೆ. ಎರಡನೇ ಕೀ ನನ್ನ ಚೀಲದಲ್ಲಿ. ಒಳಗೆ ಹೋಗಿ ಮೇಜು ಅಲುಗಾಡುತ್ತದೆಯೇ, ಬಿಸಿಲು ಬೀಳುತ್ತದೆಯೇ ಎಂದು ನೋಡಿ ಬಂದು, ಆ ಕೀಯಿಂದ ಹಿಂದಿನ ಬಾಗಿಲು ತೆಗೆದು ಕೇಕು ಇಳಿಸುತ್ತೇವೆ. ನಾಲ್ಕು ವರ್ಷದಲ್ಲಿ ಒಂದು ಸಲವೂ ಎಡವಟ್ಟಾಗಿರಲಿಲ್ಲ.

ಆ ದಿನದ್ದು ಮೂರು ಅಂತಸ್ತಿನ ಕೇಕು. ಯಾರೋ ಅಜ್ಜ ಅಜ್ಜಿ ಮದುವೆಯಾಗಿ ಐವತ್ತು ವರ್ಷವಾಗಿತ್ತು. ಒಂದು ಗಂಟೆಗೆ ಕತ್ತರಿಸುವುದೆಂದು ಗೊತ್ತಾಗಿತ್ತು. ನಾವು ಸಭಾಂಗಣ ತಲುಪಿದಾಗ ಹನ್ನೆರಡು ದಾಟಿತ್ತು. ಇದೊಂದು ಚೆನ್ನಾಗಿ ಆದರೆ ಮುಂದೆ ಅಲ್ಲಿಯ ಕೇಕೆಲ್ಲ ನಮಗೇ ಎಂದು ಅಲ್ಲಿನ ಮೇಲ್ವಿಚಾರಕಿ ಮೊದಲೇ ಹೇಳಿದ್ದರು. ಅಂಗಳದಲ್ಲಿ ನೆರಳಿರಲಿಲ್ಲ. “ಪೆಟ್ರೋಲ್ ದೀಪ ನಿನ್ನೆಯಿಂದ್ಲೇ ಹತ್ತಿದೆ ಅಕ್ಕ, ವಾಪಸ್ ಹೋಗ್ವಾಗ ಹಾಕಿಸೋಣ” ಎನ್ನುತ್ತ ಪುಟ್ಟಿ ಎಂಜಿನ್ ಚಾಲೂ ಬಿಟ್ಟು, ಗುಂಡಿ ಒತ್ತಿ, ಬಾಗಿಲು ಹಾಕಿದಳು.

ಒಳಗೆ ಹೋದದ್ದೇ ತಡ, ಮೇಲ್ವಿಚಾರಕಿ ಓಡಿಬಂದು ಅವಳ ಎರಡೂ ಕೈ ಹಿಡಿದುಕೊಂಡರು.

“ನೀವೇನಾ ಆ ಗುಲಾಬಿ ಮಾಡೋರು? ಇಷ್ಟು ಚಿಕ್ಕವರಾ! ಏನು ಕೈಯಪ್ಪಾ ನಿಮ್ಮದು!” ಆಮೇಲೆ ನನ್ನ ಕಡೆ ನೋಡಿ, “ಇವರು ಸಾಮಾನು ಎತ್ತೋಕೆ ಬಂದೋರಾ?”

“ಅಯ್ಯೋ ಇಲ್ಲ, ಇವರು ನಮ್ಮಕ್ಕ” ಎಂದಳು ಪುಟ್ಟಿ. ಅಷ್ಟರಲ್ಲಿ ಆ ಹೆಂಗಸಿನ ಗಮನ ಫೋನಿಗೆ ಹೋಗಿತ್ತು. ಪುಟ್ಟಿ ಅಕ್ಕ ಅಂದಳು, ಇಲ್ಲವೆನ್ನುವುದಿಲ್ಲ. ಆದರೆ ಅನ್ನುವಾಗ ನಕ್ಕಳು. ಆ ನಗು ಹೊತ್ತುಕೊಂಡೇ ನಾನು ಕಾರಿನವರೆಗೆ ಬಂದೆ. ಹೊಟ್ಟೆ ಹೇಗೆ ಉರಿಯುತ್ತಿತ್ತೆಂದರೆ ಅಲ್ಲಿ ಹಿಟ್ಟಿಟ್ಟಿದ್ದರೆ ಓವನ್ ಇಲ್ಲದೆಯೇ ಸ್ಪಂಜು ಬೇಯುತ್ತಿತ್ತು.

ಕಾರಿನ ಹತ್ತಿರ ಬಂದು ಪುಟ್ಟಿ ಯಾವಾಗಿನಂತೆ ನನ್ನ ಮುಖವನ್ನೂ ನೋಡದೆ ಕೈ ಚಾಚಿದಳು.

“ಅಕ್ಕ, ಕೀ.”

“ಯಾವ ಕೀ?” ಎಂದೆ.

“ನಿಮ್ಮ ಕೀ ಅಕ್ಕ.”

“ನನ್ನ ಹತ್ರ ಎಲ್ಲಿದೆಯೇ? ನಿನ್ನೆ ಚೀಲ ಬದಲಾಯಿಸಿದೆನಲ್ಲ, ಮನೇಲಿ ಡ್ರಾಯರಲ್ಲೇ ಉಳೀತು ಅನ್ಸುತ್ತೆ.”

ಕೀ ಚೀಲದಲ್ಲಿತ್ತು. ಕರವಸ್ತ್ರದ ಪಕ್ಕದಲ್ಲೇ ಇತ್ತು. ಅವಳ ಮುಖ ಎರಡು ನಿಮಿಷ ಬಾಡುವುದನ್ನು ನೋಡಬೇಕು, ಆಮೇಲೆ ‘ಅಯ್ಯೋ ಇಲ್ಲೇ ಇದೆ’ ಎಂದು ತೆಗೆದುಕೊಟ್ಟರಾಯಿತು, ಇಷ್ಟೇ ನನ್ನ ಲೆಕ್ಕ. ಮುಖವೇನೋ ಬಾಡಿತು. ಆದರೆ ಅವಳು ಎರಡು ನಿಮಿಷ ಕಾಯಲಿಲ್ಲ, ಕೂಡಲೇ ಮನೆಗೆ ಫೋನ್ ಮಾಡಿದಳು. ನನ್ನ ಸುಳ್ಳು ಹಾಗೆ ಅತ್ತೆಯವರೆಗೆ ಹೋಗಿ ಕೂತಿತು. ಈಗ ಅದನ್ನು ವಾಪಸ್ ಕರೆಸುವುದು ಹೇಗೆ?

ಫೋನಿನಿಂದ ಅತ್ತೆಯ ದನಿ ನನಗೂ ಕೇಳುತ್ತಿತ್ತು. “ಗಾಬರಿ ಆಗ್ಬೇಡ ಪುಟ್ಟಿ, ನಾನು ಹುಡುಕ್ತೀನಿ. ಎದುರು ಮನೆ ಡ್ರೈವರ್ ಇದ್ದಾನೆ, ಸಿಕ್ಕಿದ ಕೂಡ್ಲೇ ಅವನ ಕೈಲಿ ಕಳಿಸ್ತೀನಿ. ನೀನು ನೀರು ಕುಡಿ ಮೊದಲು.”

ನೀರು ಕುಡಿಯಬೇಕಂತೆ! ಅದೇ ನಾನು ಫೋನ್ ಮಾಡಿದ್ದರೆ ನೀರಿಳಿಸುತ್ತಿದ್ದರು. ಅವಳು ಹಾಲು ಉಕ್ಕಿಸಿದರೆ ‘ಪಾಪ, ಸುಸ್ತಾಗಿದೆ’, ನಾನು ಉಕ್ಕಿಸಿದರೆ ‘ಕಣ್ಣು ಎಲ್ಲಿತ್ತು?’ ಐದು ವರ್ಷದಲ್ಲಿ ಅತ್ತೆ ಅವಳಿಗೆ ಒಂದೇ ಒಂದು ಸಲ ಗದರಿದ್ದನ್ನು ನಾನು ಕೇಳಿಲ್ಲ. ಕೇಳಬೇಕೆಂದು ಕಿವಿ ನಿಮಿರಿಸಿಕೊಂಡು ಕಾದದ್ದುಂಟು.

ವಾಚ್‌ಮನ್ ಬಂದ. ಬಂದವನೇ, “ಇದೆಲ್ಲ ಎರಡು ನಿಮಿಷದ ಕೆಲಸ ಮೇಡಂ” ಎಂದು ಆಫೀಸಿನಿಂದ ಒಂದು ಸ್ಟೀಲ್ ಸ್ಕೇಲ್ ತಂದು ಕಿಟಕಿಯ ಸಂದಿಯಲ್ಲಿ ತೂರಿಸಿದ. ನಾಲಿಗೆ ಹೊರಗೆ ಹಾಕಿಕೊಂಡು ಸ್ಕೇಲನ್ನು ಆಡಿಸಿದ. ಒಳಗೆ ‘ಟಣ್’ ಎಂದಿತು. ಬಾಗಿಲೇನೂ ತೆರೆಯಲಿಲ್ಲ, ಸ್ಕೇಲು ಬಾಗಿಲಿನೊಳಗೆ ಬಿದ್ದುಹೋಗಿತ್ತು.

“ಗಾಜು ಒಡೆದುಬಿಡೋಣ್ವಾ?” ಎಂದ.

“ಬೇಡ!” ಎಂದು ಇಬ್ಬರೂ ಕೂಗಿದೆವು. ಒಂದು ಚೂರು ಗಾಜು ಹಾರಿದರೂ ಆ ಕೇಕನ್ನು ಯಾರ ಬಾಯಿಗೂ ಕೊಡುವಂತಿಲ್ಲ. ಆ ದಿನ ನಾವಿಬ್ಬರೂ ಒಂದೇ ಮಾತು ಆಡಿದ್ದು ಅದೊಂದೇ ಸಲ.

ಹನ್ನೆರಡೂವರೆಯ ಹೊತ್ತಿಗೆ ಎಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು. ಪೆಟ್ರೋಲ್ ಮುಗಿದಿತ್ತು. ಎಸಿಯ ಸದ್ದೂ ನಿಂತಿತು. ಪುಟ್ಟಿ ಮತ್ತೆ ಮನೆಗೆ ಫೋನ್ ಮಾಡಿದಳು, ಅತ್ತೆ ಎತ್ತಲಿಲ್ಲ. ಹುಡುಕಲು ನಿಂತರೆ ಅವರು ಮೊದಲು ಕಳೆಯುವುದೇ ಫೋನನ್ನು.

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಹೆಗಲ ಮೇಲಿನ ದುಪಟ್ಟಾ ತೆಗೆದು ಹಿಂದಿನ ಗಾಜಿನ ಮೇಲೆ ಹರಡಿ, ತುದಿಗಾಲಲ್ಲಿ ನಿಂತು ಎರಡೂ ಕೈಯಿಂದ ಒತ್ತಿ ಹಿಡಿದಳು. ಕೇಕಿಗೆ ಅಷ್ಟಾದರೂ ನೆರಳಾಗಲಿ ಎಂದು. ಕಾದ ಕಾರಿಗೆ ಮೊಣಕೈ ತಗುಲಿದಾಗಲೆಲ್ಲ ‘ಸ್’ ಎನ್ನುತ್ತಿದ್ದಳು, ಕೈ ಮಾತ್ರ ತೆಗೆಯಲಿಲ್ಲ. ನಾನು ಪಕ್ಕದಲ್ಲಿ ಚೀಲ ಅವುಚಿಕೊಂಡು ನಿಂತಿದ್ದೆ. ಬೀಳಲಿ, ಅಂದುಕೊಂಡೆ. ಆ ಗುಲಾಬಿಗಳೆಲ್ಲ ಮಕಾಡೆ ಬೀಳಲಿ, ಎಲ್ಲರೂ ನೋಡಲಿ. ಮನಸ್ಸಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

“ಅಕ್ಕ, ಇಲ್ಲಿ ಬಂದು ನೋಡಿ!” ಎಂದಳು ಗಾಜಿಗೆ ಮೂಗು ಒತ್ತಿಕೊಂಡು. “ನಿಮ್ಮ ಅಂಚು ಜಾರ್ತಿದೆ. ಹೂವು ಹಾಳಾದ್ರೆ ಹೋಗ್ಲಿ, ಇನ್ನೊಂದು ಮಾಡ್ತೀನಿ. ಆ ಅಂಚು ನಂಗೆ ಬರಲ್ಲ ಅಕ್ಕ. ಎಷ್ಟು ಸಲ ಕದ್ದು ಮಾಡಿ ನೋಡಿದ್ದೀನಿ, ಬರಲ್ಲ.”

ಬಗ್ಗಿ ನೋಡಿದೆ. ಗುಲಾಬಿಗಳು ಗಟ್ಟಿಯಾಗಿಯೇ ಕೂತಿದ್ದವು. ನಾನು ಬೆಳಗಿನ ನಾಲ್ಕು ಗಂಟೆಗೆ ಎದ್ದು ಸುತ್ತಿದ ಅಂಚು ಒಂದು ಬದಿಯಲ್ಲಿ ಸಡಿಲವಾಗಿ ಕೆಳಗಿಳಿಯುತ್ತಿತ್ತು. ಅವಳ ಮಾತಿಗೆ ನಾನು ಕರಗಿಹೋದೆ ಎಂದರೆ ಸುಳ್ಳಾದೀತು. ಹೊಟ್ಟೆಕಿಚ್ಚು ಹಾಗೆಲ್ಲ ಕರಗುವ ಕ್ರೀಮಲ್ಲ. ಆದರೆ ನನ್ನ ಕೈಕೆಲಸ ನನ್ನ ಕಣ್ಣೆದುರಿಗೇ ಹಾಳಾಗುವುದನ್ನು ನೋಡಿ ನಿಲ್ಲಲು ಆಗಲಿಲ್ಲ. ಅದನ್ನೊಬ್ಬಳು ಕದ್ದು ಕಲಿಯಲು ನೋಡಿದ್ದಳು ಎಂದು ಗೊತ್ತಾದ ಮೇಲಂತೂ ಆಗಲೇ ಇಲ್ಲ.

ಮುಖ ಒರೆಸಿಕೊಳ್ಳುವವಳಂತೆ ಚೀಲದಲ್ಲಿ ಕೈ ಹಾಕಿದೆ. “ಅಯ್ಯೋ! ಇಲ್ಲೇ ಇತ್ತಲ್ಲೇ! ಕರವಸ್ತ್ರದೊಳಗೆ ಸೇರ್ಕೊಂಡಿದೆ ನೋಡು!”

ನನ್ನ ನಾಟಕ ಎಷ್ಟು ಚೆನ್ನಾಗಿತ್ತೆಂದರೆ ವಾಚ್‌ಮನ್ ಕೂಡ ತಲೆ ಕೆರೆದುಕೊಂಡ. ಪುಟ್ಟಿ ನನ್ನ ಮುಖ ನೋಡಿದಳು, ಚೀಲ ನೋಡಿದಳು, ಮತ್ತೆ ಮುಖ ನೋಡಿದಳು. “ಸಿಕ್ತಲ್ಲ” ಎಂದು ಕೀ ಇಸಿದುಕೊಂಡಳು.

ಆಮೇಲೆ ಉಸಿರು ಬಿಡಲೂ ಪುರಸೊತ್ತಿರಲಿಲ್ಲ. ಕೇಕು ಒಳಗೆ ಹೋಯಿತು, ಕೀ ನನ್ನ ಚೀಲಕ್ಕೆ ವಾಪಸ್ ಬಂತು. ಐಸ್ ಪೆಟ್ಟಿಗೆಯಲ್ಲಿದ್ದ ಕ್ರೀಮ್ ತೆಗೆದು ನಾನು ಅಂಚು ಸರಿಮಾಡಿದೆ, ಅವಳು ತಟ್ಟೆ ಹಿಡಿದು ತಿರುಗಿಸಿದಳು. ನಡುವೆ, “ಅಕ್ಕ, ಪಾಪ ಅತ್ತೆ ಹುಡುಕ್ತಿರ್ತಾರೆ, ಒಂದು ಫೋನ್ ಮಾಡಿ ಹೇಳಿಬಿಡಿ” ಎಂದಳು. ಫೋನ್ ಹಿಡಿದು ಹೊರಗೆ ಹೋದೆ. ಕೀ ಎಲ್ಲಿತ್ತು ಎಂದು ಕೇಳಿದರೆ ಏನು ಹೇಳುವುದು? ಫೋನನ್ನು ಚೀಲಕ್ಕೆ ಹಾಕಿಕೊಂಡು ಒಳಗೆ ಬಂದೆ.

“ಹೇಳಿದ್ರಾ?”

“ಹೂಂ.”

ಒಂದು ಗಂಟೆಗೆ ಸರಿಯಾಗಿ ಅಜ್ಜ ಅಜ್ಜಿ ಕೇಕು ಕತ್ತರಿಸಿದರು. ಮೇಲ್ವಿಚಾರಕಿ ಗುಲಾಬಿಯನ್ನು ಹೊಗಳಿದ್ದೇ ಹೊಗಳಿದ್ದು. ಅಂಚಿನ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ವಾಚ್‌ಮನ್ ಸ್ಕೇಲಿನ ನಾಚಿಕೆಗೋ ಏನೋ, ತಾನೇ ಹೋಗಿ ಬಾಟಲಿಯಲ್ಲಿ ಪೆಟ್ರೋಲ್ ತಂದುಕೊಟ್ಟ. ದಾರಿಯುದ್ದಕ್ಕೂ ಪುಟ್ಟಿ ರಸ್ತೆಯನ್ನೇ ನೋಡುತ್ತ ಓಡಿಸಿದಳು. ತಿರುವಿನಲ್ಲೆಲ್ಲ ಆ ಸ್ಕೇಲು ಬಾಗಿಲಿನೊಳಗೆ ಸದ್ದು ಮಾಡುತ್ತಿತ್ತು.

ಮನೆಯ ಬಾಗಿಲು ತೆಗೆದಾಗ ಮೂರು ಗಂಟೆ. ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮನೆಯಲ್ಲಿದ್ದ ಅಷ್ಟೂ ಡ್ರಾಯರುಗಳು ನೆಲದ ಮೇಲೆ ಬೋರಲು ಬಿದ್ದಿದ್ದವು. ಚಮಚ, ಬ್ಯಾಟರಿ, ಹಳೆ ಕನ್ನಡಕ, ದಾರದ ಉಂಡೆ, ಮಾತ್ರೆಯ ಚೀಟಿ, ಎಲ್ಲ ರಾಶಿ. ಆ ರಾಶಿಯ ನಡುವೆ ಅತ್ತೆ ಅಂಬೆಗಾಲಿಡುವ ಮಗುವಿನಂತೆ ಕೈ, ಮಂಡಿ ಊರಿ ಬೀರುವಿನ ಅಡಿಗೆ ಟಾರ್ಚ್ ಬಿಡುತ್ತಿದ್ದರು. ಮಂಡಿ ನೋವೆಂದು ಎರಡು ವರ್ಷದಿಂದ ನೆಲದ ಮೇಲೆ ಕೂರದವರು ಅವರು. ಅಡುಗೆಮನೆಯಲ್ಲಿ ಅವರ ಊಟದ ತಟ್ಟೆ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು.

“ಸಿಗ್ತಿಲ್ಲ ಕಣೇ ಪುಟ್ಟಿ” ಎಂದರು ತಲೆ ಎತ್ತಿ. “ಎಲ್ಲಾ ಕಡೆ ನೋಡ್ದೆ. ಆ ಡ್ರೈವರ್ ಕಾದು ಕಾದು ಈಗ ಹೋದ. ಕೇಕು ಹಾಳಾಯ್ತೇನೇ?”

ಪುಟ್ಟಿ ನನ್ನ ಕಡೆ ತಿರುಗಿದಳು. ನನ್ನ ‘ಹೂಂ’ ಎಂಥದ್ದೆಂದು ಅವಳಿಗೆ ಆಗ ತಿಳಿಯಿತು. ಈಗ ಹೇಳುತ್ತಾಳೆ, ಹೇಳಲಿ ಎಂದುಕೊಂಡು ನಿಂತೆ. ಅವಳು ಅತ್ತೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

“ಕೀ ಸಿಕ್ತು ಅತ್ತೆ. ನನ್ನ ಚೀಲದಲ್ಲೇ ಇತ್ತು. ಗಡಿಬಿಡೀಲಿ ಸರಿಯಾಗಿ ನೋಡ್ಲಿಲ್ಲ. ನಿಮಗೆ ಫೋನ್ ಮಾಡೋದೂ ಮರೆತೆ.”

ಅತ್ತೆ ಟಾರ್ಚನ್ನು ನೆಲಕ್ಕೆ ಕುಕ್ಕಿದರು. ಆಮೇಲೆ ಶುರುವಾಯಿತು.

“ನಿನ್ನ ಚೀಲದಲ್ಲೇ ಇತ್ತಾ? ತಲೆ ನೆಟ್ಟಗಿದೆಯೇನೇ ನಿಂಗೆ? ಹನ್ನೆರಡು ಗಂಟೆಯಿಂದ ಇಲ್ಲಿ ನೆಲ ಕೆರೀತಿದ್ದೀನಿ, ಮಂಡಿ ಕಿತ್ತು ಬರ್ತಿದೆ, ಒಂದು ತುತ್ತು ಬಾಯಿಗಿಟ್ಟಿಲ್ಲ! ಒಂದು ಫೋನ್ ಮಾಡೋಕೆ ನಿನ್ನ ಗಂಟೇನು ಹೋಗ್ತಿತ್ತು? ಮುದುಕಿ ಸಾಯ್ಲಿ ಅಂತಲಾ? ನಿನ್ನನ್ನ ತಲೆ ಮೇಲೆ ಕೂರಿಸ್ಕೊಂಡಿದ್ದು ನಂದೇ ತಪ್ಪು!”

ಐದು ವರ್ಷ ಕಾದದ್ದು ಇದಕ್ಕೇ. ಇಂಥ ದಿನ ಬಂದರೆ ಬಾಗಿಲಿಗೆ ಒರಗಿ ನಿಂತು ಒಂದೊಂದೇ ಮಾತನ್ನು ಚಪ್ಪರಿಸಬೇಕೆಂದುಕೊಂಡಿದ್ದೆ. ನಾನೀಗ ಬಾಗಿಲಿಗೇ ಒರಗಿ ನಿಂತಿದ್ದೆ. ಪುಟ್ಟಿ ತಲೆ ತಗ್ಗಿಸಿ ಕೂತಿದ್ದಳು. ಅವಳ ಮೊಣಕೈಗಳೆರಡೂ ಕೆಂಪಗೆ ಬೊಬ್ಬೆಯೆದ್ದಿದ್ದವು. ನನಗೆ ಸಂತೋಷವಾಗಲಿಲ್ಲ.

“ಅತ್ತೆ, ಅವಳನ್ನ ಬೈಬೇಡಿ” ಎಂದೆ. “ಕೀ ಇದ್ದಿದ್ದು ನನ್ನ ಚೀಲದಲ್ಲಿ. ಇದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಇಲ್ಲ ಅಂದೆ. ಫೋನ್ ಮಾಡದೇ ಇದ್ದವಳೂ ನಾನೇ.”

ಅತ್ತೆ ನನ್ನನ್ನೇ ದಿಟ್ಟಿಸಿ ನೋಡಿದರು. ಅವರ ಮುಖದ ಸಿಟ್ಟು ಇಳಿದುಹೋಯಿತು. ಕೈ ಚಾಚಿದರು, ನಾನು ಹಿಡಿದು ಎಬ್ಬಿಸಿದೆ. ಎದ್ದು ನಿಂತವರು ನನ್ನ ಕೈ ಬಿಡಲಿಲ್ಲ.

“ನೋಡು ಪುಟ್ಟಿ, ನೋಡಿ ಕಲಿ” ಎಂದರು. “ನಿನ್ನ ತಪ್ಪನ್ನ ತನ್ನ ಮೈಮೇಲೆ ಎಳ್ಕೊಳ್ತಿದ್ದಾಳೆ. ನಿನಗೋಸ್ಕರ. ದೊಡ್ಡವಳು ಅಂದ್ರೆ ಹೀಗಿರ್ಬೇಕು.”

“ಇಲ್ಲ ಅತ್ತೆ, ನಿಜವಾಗ್ಲೂ ನಾನೇ—”

“ಸಾಕು ಸುಮ್ನಿರು. ನನಗೆ ಗೊತ್ತಿಲ್ವಾ ನೀನೆಂಥವಳು ಅಂತ? ಹದಿನಾಲ್ಕು ವರ್ಷದಿಂದ ನೋಡ್ತಿದ್ದೀನಿ.” ನನ್ನ ಕೆನ್ನೆ ಸವರಿ, ಕುಂಟುತ್ತ ಅಡುಗೆಮನೆಗೆ ಹೋದರು.

ನಾನು ಪುಟ್ಟಿಯ ಎದುರು ನೆಲದ ಮೇಲೆ ಕೂತೆ. ಇಬ್ಬರೂ ಚಮಚಗಳನ್ನು ಹೆಕ್ಕಿ ಡ್ರಾಯರಿಗೆ ಹಾಕತೊಡಗಿದೆವು. ಅವಳು ನನ್ನನ್ನು ನೋಡಲಿಲ್ಲ. ನಾನು ಎರಡನೇ ಕೀಯನ್ನು ಚೀಲದಿಂದ ತೆಗೆದು ಅವಳ ಮುಂದೆ ಇಟ್ಟೆ. ಅವಳು ಅದನ್ನು ಮುಟ್ಟಲಿಲ್ಲ.

ಒಳಗಿನಿಂದ ತಟ್ಟೆ ಹಾಕುವ ಸದ್ದು ಬಂತು. “ದೊಡ್ಡವಳೇ, ಬಾರಮ್ಮ, ನನ್ನ ಜೊತೆ ಕೂತು ಊಟ ಮಾಡು” ಎಂದು ಅತ್ತೆ ಕೂಗಿದರು. ಆ ದನಿಯಲ್ಲಿ ಅವರು ನನ್ನನ್ನು ಯಾವತ್ತೂ ಕರೆದಿರಲಿಲ್ಲ. ಪುಟ್ಟಿಯನ್ನು ಕರೆಯುತ್ತಿದ್ದ ದನಿ ಅದು. ನನಗೆ ಏಳಲು ಆಗಲಿಲ್ಲ.

“ಹೋಗಿ ಅಕ್ಕ” ಎಂದಳು ಪುಟ್ಟಿ, ಚಮಚ ಹೆಕ್ಕುತ್ತಲೇ. “ನಿಮ್ಮನ್ನೇ ಕರೀತಿರೋದು.”