ನಡುವಿನ ತಲೆ

ನಾಯಿಗೆ ಮೂರು ತಲೆ, ಒಂದೇ ಹೊಟ್ಟೆ. ಆ ಹೊಟ್ಟೆಯೊಳಗೆ ಒಂದು ಬೆಂಚು. ಬೆಂಚಿನ ಮೇಲೆ ಒಬ್ಬ ಮಾವ, ಇಬ್ಬರು ಅಳಿಯಂದಿರು. ಮಾವ ನಡುವೆ, ದೊಡ್ಡಳಿಯ ಎಡಕ್ಕೆ, ಚಿಕ್ಕಳಿಯ ಬಲಕ್ಕೆ. ಹೀಗೆ ಒತ್ತಿಕೊಂಡು ಕೂತು ಮೂವರೂ ನಾಲ್ಕು ವರ್ಷದಿಂದ ಪಾತಾಳದ ಬಾಗಿಲು ಕಾಯುತ್ತಿದ್ದರು.

ನಾಯಿ ಟೀವಿ ಧಾರಾವಾಹಿಯೊಂದರ ಗೊಂಬೆ. ಧಾರಾವಾಹಿ ಗ್ರೀಕರ ಪುರಾಣದ್ದು. ಪುರಾಣದ್ದು ಅಂದರೆ ಹೆಸರಿಗಷ್ಟೇ. ಮೂಲ ಕತೆಯಲ್ಲಿ ಹಾಡುಗಾರ ಸತ್ತ ಹೆಂಡತಿಯನ್ನು ಕರೆತರಲು ತನ್ನ ವಾದ್ಯವೊಂದನ್ನೇ ಹಿಡಿದು ಪಾತಾಳಕ್ಕೆ ಇಳಿಯುತ್ತಾನಂತೆ. ಇಲ್ಲಿ ಅವನ ಸೊಂಟದಲ್ಲಿ ಕತ್ತಿಯಿತ್ತು, ಬೆನ್ನ ಹಿಂದೆ ನಗಿಸಲಿಕ್ಕೊಬ್ಬ ಗೆಳೆಯನಿದ್ದ. ಸಮುದ್ರದ ದೇವರಿಗೂ ಪಾತಾಳದ ದೇವರಿಗೂ ಆಸ್ತಿ ಜಗಳ ಹಚ್ಚಿ ಎಪ್ಪತ್ತು ಕಂತು ಎಳೆದಾಗಿತ್ತು. ಗ್ರೀಕರು ನೋಡಿದ್ದರೆ ಸುಮ್ಮನೆ ಬಿಡುತ್ತಿರಲಿಲ್ಲ. ಪುಣ್ಯಕ್ಕೆ ಅವರು ನೋಡುತ್ತಿರಲಿಲ್ಲ, ಧಾರಾವಾಹಿ ಚೆನ್ನಾಗಿಯೇ ಓಡುತ್ತಿತ್ತು.

ನಾಯಿ ಓಡುವುದು, ಹಾರುವುದು ಎಲ್ಲ ಕಂಪ್ಯೂಟರಿನವರ ಕೆಲಸ. ಕೂರುವುದು, ಗುರ್ರೆನ್ನುವುದು, ಬಂದವರನ್ನು ಕೆಕ್ಕರಿಸಿ ನೋಡುವುದು ಈ ಮೂವರದು. ಬಲಗೈಯನ್ನು ಕುತ್ತಿಗೆಯೊಳಗೆ ಭುಜದ ತನಕ ತೂರಿಸಬೇಕು. ನಾಲ್ಕು ಬೆರಳು ಮೇಲಿನ ದವಡೆಗೆ, ಹೆಬ್ಬೆರಳು ಕೆಳದವಡೆಯ ಚರ್ಮದ ಬಳೆಗೆ. ಎಡಗೈಯಲ್ಲಿ ಮೊಣಕಾಲ ಮುಂದಿನ ಹಿಡಿ ಅರ್ಧ ಎಳೆದರೆ ಒಂದು ಕಣ್ಣು, ಪೂರ್ತಿ ಎಳೆದರೆ ಎರಡೂ ಮುಚ್ಚುತ್ತವೆ, ತಿರುಗಿಸಿದರೆ ಕಿವಿ ನಿಮಿರುತ್ತದೆ. ಕಾಲ ಬುಡದಲ್ಲೊಂದು ಪುಟ್ಟ ಟೀವಿ. ಹೊರಗೆ ಕ್ಯಾಮೆರಾ ಏನು ನೋಡುತ್ತದೋ ಅದನ್ನು ಅದರಲ್ಲಿ ನೋಡಿಕೊಂಡು ಆಡಿಸಬೇಕು. ಒಳಗೆ ಸೆಖೆ, ಬೆವರು, ಫೋಮಿನ ವಾಸನೆ. ಒಬ್ಬ ಬೆಳ್ಳುಳ್ಳಿ ತಿಂದು ಬಂದರೆ ಮೂವರಿಗೂ ಶಿಕ್ಷೆ.

ಮಾವ ಈ ವಿದ್ಯೆಯಲ್ಲಿ ಹಳೇ ಹುಲಿ. ಮಕ್ಕಳ ಕಾರ್ಯಕ್ರಮದಲ್ಲಿ ಮೊಲ ಆಡಿಸಿ, ಕಾಗೆ ಆಡಿಸಿ, ಕೈಗೊಂಬೆಯಲ್ಲೇ ನಲವತ್ತು ವರ್ಷ ಸವೆಸಿದ್ದ. ಅಳಿಯಂದಿರನ್ನು ಆರಿಸುವಾಗಲೂ ಮುಖ ನೋಡಲಿಲ್ಲ, ಮಣಿಕಟ್ಟು ನೋಡಿದ ಎಂದು ಅವನ ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ. ಇಬ್ಬರಿಗೂ ಕಲಿಸಿದವನು ಅವನೇ. ಅವರು ಹಗಲಿಡೀ ಮಾವ, ಮಾವ ಎಂದು ಕೂಗಿ ಕೂಗಿ ಸ್ಟುಡಿಯೋದ ಬಡಗಿಯಿಂದ ಹಿಡಿದು ನಿರ್ದೇಶಕಿಯ ತನಕ ಎಲ್ಲರಿಗೂ ಅವನು ಮಾವನೇ ಆಗಿಬಿಟ್ಟಿದ್ದ.

ಆದರೆ ಹನ್ನೊಂದು ತಿಂಗಳಿಂದ ಅಳಿಯಂದಿರ ನಡುವೆ ಮಾತಿಲ್ಲ. ಕಾರಣ ಕೇಳಿದರೆ ನಗಬೇಡಿ, ಒಂದು ಆಕಳಿಕೆ. ಎಡತಲೆಗೆ ಅಪರೂಪಕ್ಕೊಂದು ಕ್ಲೋಸಪ್ ಸಿಕ್ಕಿತ್ತು. ಪಾತಾಳದ ರಾಣಿ ಅಳುವಾಗ ಅದೂ ಕಣ್ಣೀರಿಡಬೇಕು. ದೊಡ್ಡಳಿಯ ವಾರವಿಡೀ ಅಭ್ಯಾಸ ಮಾಡಿದ್ದ. ಟೇಕ್ ನಡೆಯುವಾಗ ಪಕ್ಕದಲ್ಲಿ ಬಲತಲೆ, ಯಾರೂ ಹೇಳದೆ ಕೇಳದೆ, ಬಾಯಿ ಇಷ್ಟಗಲ ತೆಗೆದು ಆಕಳಿಸಿತು. ನೋಡುವವರು ಬಿದ್ದು ಬಿದ್ದು ನಕ್ಕರು. ಆ ಆಕಳಿಕೆ ಮೊಬೈಲಿನಿಂದ ಮೊಬೈಲಿಗೆ ಹಾರಿ ಊರೆಲ್ಲ ಸುತ್ತಿತು. ಎಡತಲೆಯ ಕಣ್ಣೀರನ್ನು ನೋಡಿದವರೇ ಇಲ್ಲ.

"ಬೇಕಂತಲೇ ಮಾಡ್ದ," ಎಂದ ದೊಡ್ಡಳಿಯ.

"ತಮಾಷೆಗೆ ಮಾಡ್ದೆ. ಅಷ್ಟಕ್ಕೇ ಇಷ್ಟು ಉರ್ಕೋಬೇಕಾ?" ಎಂದ ಚಿಕ್ಕಳಿಯ.

ಅಲ್ಲಿಗೆ ಮಾತು ನಿಂತುಹೋಯಿತು. ಅವರ ಹೆಂಡತಿಯರಾದ ಅಕ್ಕತಂಗಿಯರು ಗುಟ್ಟಾಗಿ ಫೋನು ಮಾಡಿಕೊಳ್ಳಬೇಕಾದ ಗತಿ ಬಂತು. ನಾಯಿಯೊಳಗಂತೂ ಕೇಳಲೇಬೇಡಿ. "ಮಾವ, ಮೊಣಕೈ ಸ್ವಲ್ಪ ಆಚೆ ಇಟ್ಕೊಳ್ಳೋಕೆ ಹೇಳಿ ಅವ್ರಿಗೆ" ಎಂದು ಚಿಕ್ಕಳಿಯ. "ಮಾವ, ಜಾಗ ಇದ್ರೆ ತಾನೇ ಇಡೋದು ಅಂತ ಹೇಳಿ" ಎಂದು ದೊಡ್ಡಳಿಯ. ಇಬ್ಬರ ನಡುವೆ ಇದ್ದದ್ದು ಒಂದು ಮಾವನಷ್ಟು ದೂರ. ನಿರ್ದೇಶಕಿ ಹೇಳುವುದನ್ನು ಕೇಳಿಸುವ ಇಯರ್‌ಫೋನೂ ಮಾವನ ಕಿವಿಯಲ್ಲೇ, ಅದನ್ನೂ ಅವನೇ ಇಬ್ಬರಿಗೂ ದಾಟಿಸಬೇಕು. ಅಂಚೆಯವನಿಗಾದರೂ ಭಾನುವಾರ ರಜೆಯಿದೆ, ನನಗೆ ಅದೂ ಇಲ್ಲ ಎಂದು ಮನೆಯಲ್ಲಿ ಗೊಣಗುತ್ತಿದ್ದ.

ಗೊಣಗದೆ ಮುಚ್ಚಿಟ್ಟುಕೊಂಡದ್ದು ಬೇರೆಯೇ ಇತ್ತು. ನಾಲ್ಕು ತಿಂಗಳಿಂದ ಅವನ ಬಲಗೈ ಹೆಬ್ಬೆರಳು ಜೋಮು ಹಿಡಿಯುತ್ತಿತ್ತು. ಮೊದಲು ಹೆಬ್ಬೆರಳು, ಆಮೇಲೆ ಅಂಗೈ. ಅಂಗಿಯ ಗುಂಡಿ ಹಾಕುವುದು ಹೆಂಡತಿಯ ಪಾಲಿಗೆ ಬಂತು. ಡಾಕ್ಟರು ನರದ ತೊಂದರೆ ಎಂದರು, ವಾಸಿಯಾಗುತ್ತದೆ ಎಂದು ಮಾತ್ರ ಅನ್ನಲಿಲ್ಲ. ಸ್ಟುಡಿಯೋದಲ್ಲಿ ಎಲ್ಲರೆದುರು ಟೀ ಕುಡಿಯುವುದನ್ನೇ ಬಿಟ್ಟ, ಲೋಟ ನಡುಗಿದರೆ ಗುಟ್ಟು ರಟ್ಟಾಗುತ್ತದಲ್ಲ.

"ಹೇಳಿಬಿಡಿ ಅವ್ರಿಗೆ," ಎಂದಿದ್ದಳು ಹೆಂಡತಿ, ಗುಂಡಿ ಹಾಕುತ್ತ.

"ಹೇಳಿದ್ರೆ ನಾಯಿ ಹೋಯ್ತು ಅಂತಾನೇ ಲೆಕ್ಕ. ಕಂಪ್ಯೂಟರಿನವ್ರು ಬಾಯಿ ಬಿಟ್ಕೊಂಡು ಕಾಯ್ತಿದಾರೆ. ನಾನೊಬ್ಬ ಅಲ್ಲ ಕಣೇ, ಮೂರು ಜನಾನೂ ಮನೆ ಸೇರ್ಬೇಕಾಗುತ್ತೆ."

ಇದು ಪೂರ್ತಿ ನಿಜವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅಳಿಯಂದಿರಿಗೆ ಬೇರೆ ಕೆಲಸ ಸಿಗುತ್ತಿತ್ತು. ಮಾವನಿಗೆ ಆ ತಲೆ ಬಿಟ್ಟರೆ ಬೇರೇನೂ ಇರಲಿಲ್ಲ. ಅದನ್ನು ಬಿಟ್ಟುಕೊಡಲು ಅವನಿಗೆ ಹೆದರಿಕೆ, ವಿಷಯ ಇಷ್ಟೇ.

ಆವತ್ತು ಬೆಳಿಗ್ಗೆ ಎದುರಾದದ್ದು ಹಾಡಿನ ದೃಶ್ಯ. ಹಾಡುಗಾರ ಬಾಗಿಲಲ್ಲಿ ನಿಂತು ಹಾಡುತ್ತಾನೆ. ನಾಯಿ ನಿದ್ದೆಹೋಗಬೇಕು, ಆದರೆ ಒಂದೊಂದೇ ತಲೆ. ಮೊದಲು ಎಡತಲೆ, ಆಮೇಲೆ ಬಲತಲೆ. ನಡುವಿನದು ಜಗ್ಗುವುದಿಲ್ಲ, ಒಂದು ಕಣ್ಣು ತೆರೆದುಕೊಂಡೇ ಕಾಯುತ್ತದೆ. ಕೊನೆಗೆ ಅದೂ ಸೋತು, ಒಂದು ದೊಡ್ಡ ಆಕಳಿಕೆ ಆಕಳಿಸಿ, ಕಾಲಮೇಲೆ ಮುಖ ಇಟ್ಟು ಮಲಗುತ್ತದೆ. ಎರಡು ನಿಮಿಷ, ಎಲ್ಲೂ ಕತ್ತರಿಸದೆ ಒಂದೇ ಟೇಕ್. ಆಕಳಿಕೆ ಬೇಕೇ ಬೇಕೆಂದು ನಿರ್ದೇಶಕಿಯ ಹಟ. ಜನಕ್ಕೆ ಅದೇ ಇಷ್ಟ ಎಂದಳು. ದೊಡ್ಡಳಿಯನ ಮುಖ ಅಲ್ಲೇ ಗಂಟಾಯಿತು.

ಮೊದಲ ಟೇಕ್. ಹಾಡಿನ ಎರಡನೇ ಸಾಲಿಗೇ ನಡುವಿನ ತಲೆ ದೊಪ್ಪೆಂದು ಬಿತ್ತು.

"ಕಟ್! ಏನ್ ಮಾವ, ನಿಜವಾಗ್ಲೂ ನಿದ್ದೆ ಬಂತಾ?" ಹೊರಗೆ ಎಲ್ಲರೂ ನಕ್ಕರು. ಮಾವನೂ ನಕ್ಕ, ಒಳಗೆ ಯಾರಿಗೂ ಕಾಣದಿದ್ದರೂ.

ಎರಡನೆಯದು. ತಲೆ ನಿಂತಿತು. ಆಕಳಿಕೆಯ ಹೊತ್ತಿಗೆ ದವಡೆ ಹಾಗೇ ಜೋತುಬಿತ್ತು, ಮುಚ್ಚಲೇ ಇಲ್ಲ. ಪುಟ್ಟ ಟೀವಿಯಲ್ಲಿ ನೋಡಿದರೆ ನಾಯಿ ನಿದ್ದೆಹೋದ ಹಾಗಿರಲಿಲ್ಲ, ಸತ್ತ ಹಾಗಿತ್ತು. ಈ ಸಲ ಯಾರೂ ನಗಲಿಲ್ಲ. ನಿರ್ದೇಶಕಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಕಂಪ್ಯೂಟರಿನವನಿಗೆ, "ಇನ್ನೊಂದೇ ಟೇಕ್. ಆಗ್ಲಿಲ್ಲ ಅಂದ್ರೆ ಇಡೀ ನಾಯಿ ನೀವೇ ಮಾಡ್ಬಿಡಿ," ಎನ್ನುವುದು ಮಾವನ ಕಿವಿಗೆ ಸ್ಪಷ್ಟವಾಗಿ ಕೇಳಿಸಿತು.

"ಏನಂದ್ರು ಮಾವ?" ದೊಡ್ಡಳಿಯ ಕೇಳಿದ.

ಮಾವ ಕುತ್ತಿಗೆಯಿಂದ ಕೈ ಹೊರಗೆಳೆಯಲು ನೋಡಿದ. ನಾಲ್ಕು ಬೆರಳು ಸಡಿಲಾದವು, ಹೆಬ್ಬೆರಳು ಬಳೆಗೇ ಸಿಕ್ಕಿಕೊಂಡಿತ್ತು, ಅದು ಅವನಿಗೆ ಗೊತ್ತೇ ಆಗಲಿಲ್ಲ. ಚಿಕ್ಕಳಿಯ ನಾಯಿಯ ಕುತ್ತಿಗೆಯೊಳಗೆ ತನ್ನ ಕೈ ತೂರಿಸಿ ಮೆಲ್ಲಗೆ ಬಿಡಿಸಿದ. ಬಿಡಿಸಿ, ಆ ಕೈಯನ್ನು ಹಾಗೇ ಹಿಡಿದುಕೊಂಡು ಕೂತ.

"ಎಷ್ಟು ದಿನದಿಂದ?"

"ನಾಲ್ಕು ತಿಂಗ್ಳು. ಇದೇ ಕೊನೇ ಟೇಕಂತೆ. ಆಗ್ದಿದ್ರೆ ಕಂಪ್ಯೂಟರಿಗೆ."

ಉಪಾಯ ಹೇಳಿದವನು ದೊಡ್ಡಳಿಯ. ಅದೂ ಎಂದಿನಂತೆ ಮಾವನ ಕಡೆ ತಿರುಗಿಯೇ.

"ಮಾವ, ನನ್ನ ತಲೆ ಮೊದ್ಲೇ ಮಲಗುತ್ತೆ. ಅಲ್ಲಿಗೆ ನನ್ನ ಕೈ ಖಾಲಿ. ಅಲ್ಲೀತನಕ ಎಡಗೈಲಿ ಎತ್ತಿ ಹಿಡ್ಕೊಂಡಿರಿ ಸಾಕು, ಆಮೇಲೆ ದವಡೆ ನಂಗೆ ಬಿಡಿ. ಕಣ್ಣಿನ ಹಿಡಿ..." ಎಂದು ನಿಲ್ಲಿಸಿದ. "ಕಣ್ಣಿನ ಹಿಡಿ ಅವ್ರು ನೋಡ್ಕೊಳ್ಳಲಿ ಅಂತ ಹೇಳಿ."

"ಸರಿ ಅಂತ ಹೇಳಿ," ಎಂದ ಚಿಕ್ಕಳಿಯ.

ಹೊರಗೆ ಹಾಡು ಶುರುವಾಯಿತು.

ಎಡಗೈಯಿಂದ ಬಲ ಮೊಣಕೈಗೆ ಆಸರೆ ಕೊಟ್ಟು ಮಾವ ತಲೆಯನ್ನು ಎತ್ತಿಯೇ ಹಿಡಿದ. ತೋಳು ನಡುಗಿತು, ಟೀವಿಯಲ್ಲಿ ಅದು ನಾಯಿ ಗುರುಗುಡುವ ಹಾಗೆ ಕಂಡಿತು, ಪರವಾಗಿಲ್ಲ. ಎಡತಲೆ ಮಲಗಿತು. ದೊಡ್ಡಳಿಯ ಕೈ ಬಿಡಿಸಿಕೊಂಡು ಮಾವನ ಎದೆಯ ಮೇಲಿಂದ ಹಾಯ್ದು ನಡುವಿನ ಕುತ್ತಿಗೆಯೊಳಗೆ ತೂರಿಸಿದ. ಮಾವ ತನ್ನ ಕೈ ಹೊರಗೆಳೆದುಕೊಂಡ. ಬಲತಲೆ ಮಲಗಿತು. ಚಿಕ್ಕಳಿಯ ಬಾಗಿ, ಮಾವನ ಮೊಣಕಾಲ ಮುಂದಿನ ಹಿಡಿಗೆ ಕೈ ಹಾಕಿದ. ಅಳಿಯಂದಿರಿಬ್ಬರ ಭಾರವೂ ಮೇಲೆ ಬಿದ್ದು, ಮಾವ ಬೆಂಚಿಗೆ ಅಂಟಿಕೊಂಡು ಕೂತ.

ಆಕಳಿಕೆಯ ಸಾಲು ಹತ್ತಿರ ಬಂತು. ದೊಡ್ಡಳಿಯನ ಹಣೆಯಲ್ಲಿ ಬೆವರು. ಹನ್ನೊಂದು ತಿಂಗಳು ಆ ಆಕಳಿಕೆಗೆ ಶಾಪ ಹಾಕಿದ್ದನೇ ಹೊರತು ಅದನ್ನು ಹೇಗೆ ಮಾಡಿದನೆಂದು ನೋಡಿರಲಿಲ್ಲ.

"ಹೇಗೋ ಅದು?" ಪಿಸುಗುಟ್ಟಿದ. ಮಾವನ ಕಡೆ ತಿರುಗಲಿಲ್ಲ.

"ಮೊದ್ಲು ಮೂಗು ಮೇಲೆ, ಭಾವ. ಆಮೇಲೆ ದವಡೆ. ಅರ್ಧಕ್ಕೆ ನಿಲ್ಸಿ. ಹಾಂ, ಬೇಕೋ ಬೇಡ್ವೋ ಅಂತ ಯೋಚ್ನೆ ಮಾಡೋ ಥರ. ಈಗ ಪೂರ್ತಿ. ಕಣ್ಣು ನಾನು ನೋಡ್ಕೋತೀನಿ. ಬಿಡಿ, ನಿಧಾನಕ್ಕೆ ಬಿಡಿ."

ಮಾವ ಟೀವಿ ನೋಡುತ್ತಿದ್ದ. ನಡುವಿನ ತಲೆ ಮೂಗೆತ್ತಿತು, ಅನುಮಾನಿಸಿತು, ಬಾಯಿ ತೆರೆಯಿತು. ಒಂದು ಕಣ್ಣು ಮುಚ್ಚಿತು, ಇನ್ನೊಂದು ಕಾವಲು ಬಿಡಲಾರದೆ ಮತ್ತೊಮ್ಮೆ ಅರೆ ತೆರೆದು, ಕೊನೆಗೆ ಅದೂ ಮುಚ್ಚಿತು. ನಾಲ್ಕು ವರ್ಷ ಅದು ಅವನ ತಲೆ. ಅವನ ಕೈಯಲ್ಲಿ ಒಂದು ದಿನವೂ ಹೀಗೆ ಆಡಿರಲಿಲ್ಲ. ಅವನಿಗೆ ಹೊಟ್ಟೆಕಿಚ್ಚಾಯಿತು. ಅದರ ಜೊತೆಗೇ ಎಂಥದೋ ಖುಷಿಯೂ ಆಯಿತು, ಎರಡರಲ್ಲಿ ಯಾವುದು ಹೆಚ್ಚೆಂದು ತಿಳಿಯಲಿಲ್ಲ.

"ಕಟ್!" ಕಿವಿಯಲ್ಲಿ ನಿರ್ದೇಶಕಿ ಕಿರುಚಿದಳು. "ಅಬ್ಬಬ್ಬಾ, ಮಾವ! ನಲವತ್ತು ವರ್ಷದ ಕೈ ಅಂದ್ರೆ ಇದು ನೋಡಿ! ಇದನ್ನ ಕಂಪ್ಯೂಟರ್ ಮಾಡುತ್ತಾ?"

ಅದು ಕೇಳಿಸಿದ್ದು ಅವನೊಬ್ಬನಿಗೇ.

"ಏನಂದ್ರು ಮಾವ?" ಇಬ್ಬರೂ ಒಟ್ಟಿಗೇ ಕೇಳಿದರು.

ಸುಮ್ಮನಿದ್ದರೆ ಇನ್ನೊಂದು ವರ್ಷ ದಾಟುತ್ತದೆ ಎಂದು ಮಾವನಿಗೆ ಹೊಳೆಯದೆ ಇರಲಿಲ್ಲ. ಅಳಿಯಂದಿರು ಬಾಯಿ ಬಿಡುವವರಲ್ಲ. ಹೀಗೇ ಎದೆಯ ಮೇಲಿಂದ ಕೈ ಹಾಯಿಸಿ ಹೇಗೋ ತೂಗಿಸಿಕೊಂಡು ಹೋಗುತ್ತಾರೆ. ಅವನು ಇಯರ್‌ಫೋನು ಕಿತ್ತು ದೊಡ್ಡಳಿಯನ ಅಂಗೈಯಲ್ಲಿಟ್ಟ.

"ಇನ್ಮೇಲೆ ನೀವೇ ಕೇಳಿಸ್ಕೊಳ್ಳಿ. ಕೇಳ್ಸಿದ್ದನ್ನ ಅವ್ರಿಗೂ ಹೇಳಿ," ಎಂದು ಹೊಟ್ಟೆಯ ಜಿಪ್ಪು ಎಳೆಸಿಕೊಂಡು ಹೊರಬಿದ್ದ.

ನಿರ್ದೇಶಕಿ ಚಪ್ಪಾಳೆ ತಟ್ಟುತ್ತ ಓಡಿಬಂದು ಅವನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದಳು. ಆ ಕೈ ತಿರುಗಿ ಹಿಡಿಯಲಿಲ್ಲ. ಅವಳ ಕೈಯಲ್ಲಿ ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು. ಅವಳು ಕುಲುಕುವುದನ್ನು ನಿಲ್ಲಿಸಿ, ಕೈಯನ್ನು ನೋಡಿ, ಮುಖ ನೋಡಿದಳು.

"ನಾನು ಆಡ್ಸಿದ್ದಲ್ಲ ಮೇಡಂ," ಎಂದ ಮಾವ. "ದವಡೆ ಒಬ್ರು, ಕಣ್ಣು ಒಬ್ರು. ನಾನು ಮಧ್ಯೆ ಕೂತಿದ್ದೆ, ಅಷ್ಟೇ."

ಅವಳು ಕೈ ಬಿಡಲಿಲ್ಲ. ಕೆಲಸದ ಮಾತನ್ನೇ ಹೇಳಿದಳು. "ಮುಂದಿನ ಶಾಟ್‌ನಲ್ಲಿ ಎರಡು ತಲೆ ಎದ್ರೆ ಸಾಕು ಮಾವ. ನಡುವಿಂದು ಮಲಗಿರ್ಲಿ. ನಾಳೇದು ನಾಳೆ ನೋಡೋಣ." ಕಂಪ್ಯೂಟರಿನವನ ಕಡೆ ತಿರುಗಿ, "ನೀವು ಹೊರಡಿ," ಎಂದಳು. ಅವನು ಹೋಗುವಾಗ ತನ್ನ ಕುರ್ಚಿಯನ್ನು ಮಾವನ ಹತ್ತಿರಕ್ಕೆ ಎಳೆದಿಟ್ಟು ಹೋದ.

ಮಾವ ಕೂತ. ಯಾರೋ ಟೀ ತಂದುಕೊಟ್ಟರು. ನಾಲ್ಕು ತಿಂಗಳಾದ ಮೇಲೆ ಎಲ್ಲರೆದುರಿಗೇ, ಎಡಗೈಯಲ್ಲಿ ಲೋಟ ತೆಗೆದುಕೊಂಡ. ಎದುರಿಗೆ ನಾಯಿಯ ಎಡತಲೆ ಎದ್ದಿತು, ಬಲತಲೆ ಎದ್ದಿತು. ನಡುವಿನದು ಕಾಲಮೇಲೆ ಮುಖ ಇಟ್ಟು ಮಲಗಿಯೇ ಇತ್ತು.

ಹೊಟ್ಟೆಯೊಳಗಿಂದ ಚಿಕ್ಕಳಿಯನ ದನಿ ಕೇಳಿತು. "ಮಾವ, ಮೊಣಕೈ ಸ್ವಲ್ಪ ಆಚೆ ಇಟ್ಕೊಳ್ಳೋಕೆ ಹೇಳಿ ಅವ್ರಿಗೆ."

ಬೆಂಚಿನ ನಡುವೆ ಒಬ್ಬರು ಆರಾಮಾಗಿ ಕೂರುವಷ್ಟು ಜಾಗ ಈಗ ಖಾಲಿಯೇ ಬಿದ್ದಿತ್ತು. ಮೊಣಕೈ ತಾಗುವ ಮಾತೇ ಇರಲಿಲ್ಲ.

"ಅಲ್ಲ, ಏನಿಲ್ಲ ಬಿಡಿ ಭಾವ," ಎಂದಿತು ಅದೇ ದನಿ.

ಮಾವ ಲೋಟ ಬಾಯಿಗಿಟ್ಟ. ಟೀ ಆರಿತ್ತು, ಅದನ್ನೇ ಕುಡಿದ.