ಒಳಪದರದ ನಾರು

ಮೊದಲ ಬಾಳೆದಿಂಡು ಸೀಳಿದಾಗಲೇ ಚಿಯೊಗೆ ಗೊತ್ತಾಗಬೇಕಿತ್ತು. ತೊಡೆಯಷ್ಟು ದಪ್ಪ, ಒಳಗೆ ಬರೀ ನೀರು. ಆದರೂ ಇನ್ನೂರು ದಿಂಡು ಕಡಿದಳು, ಪದರ ಪದರ ಬಿಡಿಸಿ ಬೂದಿನೀರಿನಲ್ಲಿ ಕುದಿಸಿದಳು, ಬಿದಿರಿನ ಚಿಮಟದಲ್ಲಿ ಹೆರೆದಳು. ಸೊಂಟ ಬಿದ್ದುಹೋಗಿತ್ತು.

ಇನ್ನೂರು ದಿಂಡಿಗೆ ಒಂದು ನಿಲುವಂಗಿ. ಈ ಸಲದ್ದು ಅತ್ತೆ ಕಮಾಡೊಗೆ. ಒಕಿನಾವಾದ ಈ ಹಳ್ಳಿಯಲ್ಲಿ ಎಪ್ಪತ್ತು ವರ್ಷ ನಾರುಬಾಳೆಯ ಬಟ್ಟೆ ನೇಯ್ದ ಮುದುಕಿ. ನೇಯ್ದದ್ದೆಲ್ಲ ಪೇಟೆಯ ದೊಡ್ಡವರ ಮೈಗೆ, ಅವಳ ಮೈಗೆ ಒಂದು ಮೊಳವೂ ಇಲ್ಲ. ಬರುವ ಶರತ್ಕಾಲಕ್ಕೆ ಎಂಬತ್ತೆಂಟು ತುಂಬುತ್ತದೆ; ಇಲ್ಲಿ ಆ ವಯಸ್ಸಿಗೆ ಊರೇ ಸೇರಿ ಹಬ್ಬ ಮಾಡುತ್ತದೆ. ಆ ಹಬ್ಬಕ್ಕಾದರೂ ಉಡಿಸಬೇಕೆಂದು ಚಿಯೊ ಹಟ ಹಿಡಿದಿದ್ದಳು.

ತೋಟಕ್ಕೋ ಮುಪ್ಪು. ಮಾವ ನೆಟ್ಟ ಗಡ್ಡೆಗಳು ನಲವತ್ತು ವರ್ಷ ಅದೇ ಮಣ್ಣು ಹೀರಿ ಮೇಲೆದ್ದು ಕೂತಿದ್ದವು. ಬುಡದಿಂದ ಏಳುವ ಮರಿಕಂದುಗಳು ಮಣಿಕಟ್ಟಿನಷ್ಟೇ ದಪ್ಪ, ಬಣ್ಣ ಹಳದಿ. ಎರಡು ವರ್ಷದ ಹಿಂದೆ ಅತ್ತೆಗೆ ಹೇಳದೆ ಆರು ಚೀಲ ಯೂರಿಯಾ ಸುರಿದಳು. ತೋಟ ಉಕ್ಕಿತು. ದಿಂಡು ಬುಡದಿಂದ ತುದಿಯವರೆಗೆ ಒಂದೇ ಸಮ ಬರಲೆಂದು ವರ್ಷಕ್ಕೆ ಮೂರು ಸಲ ಎಲೆ ಕಡಿಯುವುದು ರೂಢಿ. ಆರು ಸಲ ಕಡಿದರೂ ಬುಡ ಊದುವುದು ನಿಲ್ಲಲಿಲ್ಲ.

ಈಗ ಕಮಾಡೊ ನಿಲುವಂಗಿಗೆ ಬೇಕಾದ ಒಳಪದರದ ನಯವಾದ ಎಳೆಯೊಂದನ್ನು ಬೆರಳಲ್ಲಿ ಎಳೆದು ನೋಡಿದಳು. ಟಪ್ಪನೆ ಹರಿಯಿತು. ಇನ್ನೊಂದೂ.

"ಏನ್ ತಿನ್ಸಿದ್ಯೇ ಇದಕ್ಕೆ?"

"ಏನಿಲ್ಲ ಅತ್ತೆ."

"ಕೊಬ್ಬಿದೆ, ಕಸುವಿಲ್ಲ. ಥೇಟ್ ನನ್ ಮಗನ ಹಂಗೆ."

ಚಿಯೊಗೆ ನಗು ಬರಲಿಲ್ಲ. "ಯೂರಿಯಾ ಹಾಕ್ದೆ. ಗಿಡ ಸಾಯ್ತಾ ಇತ್ತು. ನಿಮಗೂ ಒಂದ್ಸಲ ಉಡಿಸೋಣ ಅಂತ..."

"ಮುದುಕಿಗೆ ಮೂರು ಹೊತ್ತು ಹಂದಿಮಾಂಸ ಹಾಕಿದ್ರೆ ಹೆರ್ತಾಳೇನೇ? ಗಡ್ಡೆ ಕಿತ್ತು ಹೊಸದು ನೆಡು."

"ಮೂರು ವರ್ಷ ಬೇಕು! ಅಷ್ಟೊತ್ತಿಗೆ ನೀವು..."

"ಹೇಳು, ಹೇಳು. ಸತ್ತಿರ್ತೀನಿ ಅಂತ ತಾನೆ?"

ಮುದುಕಿ ಹೊರಪದರದ ಒರಟು ನಾರನ್ನು ಜಗ್ಗಿದಳು. ಅದು ತಡೆಯಿತು.

"ಇದು ಕೂರೋ ದಿಂಬಿಗಾಗುತ್ತೆ. ಹಬ್ಬದ ದಿನ ಇದ್ರ ಮೇಲೇ ಕೂತ್ಕೋತೀನಿ ಬಿಡು. ಮೈಗಿಲ್ದಿದ್ರೆ ಅಂಡಿಗಾದ್ರೂ ಸಿಕ್ತಲ್ಲ." ಒಂದು ಎಳೆಗೆ ಇನ್ನೊಂದನ್ನು ಗಂಟು ಹಾಕತೊಡಗಿದಳು. "ಸುಲಿದ ಸಿಪ್ಪೆ ಹಳ್ಳಕ್ಕೆ ಎಸೀಬೇಡ. ನಲವತ್ತು ವರ್ಷ ಎಸೆದ್ವಿ. ಅದರದ್ದು ಅದಕ್ಕೇ ಹಾಕು."

ಚಿಯೊ ಸಿಪ್ಪೆಯ ಬುಟ್ಟಿ ಹೊತ್ತು ತೋಟಕ್ಕೆ ನಡೆದಳು. ಮೊದಲ ಗಡ್ಡೆಗೆ ಗುದ್ದಲಿ ಹಾಕಿದರೆ ಅಲುಗಲೂ ಇಲ್ಲ. ಅದರ ಮೇಲೇ ಸ್ವಲ್ಪ ಹೊತ್ತು ಕುಳಿತಳು. ಆಮೇಲೆ ಎದ್ದು, ಇನ್ನೊಂದು ಕಡೆಯಿಂದ ಅಗೆಯತೊಡಗಿದಳು.