ಹುಲುಗಪ್ಪನ ಎಂಟು ಸ್ಪ್ಯಾನಿಷ್ ಮಾತು

ನಾನೊಂದು ಮೈಕು. ಹುಟ್ಟಿದ್ದು ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ. ನನ್ನ ಎದೆಗೆ ತಂತಿ ಬೆಸೆದ ಹೆಂಗಸು ಬಾಯಿ ಹತ್ತಿರ ತಂದು ‘ಹಲೋ’ ಅಂದಳು. ನಿಜ ಹೇಳಬೇಕೆಂದರೆ ನಾನು ಬರೀ ಕಿವಿ. ಲೋಕ ನನ್ನನ್ನು ಬಾಯಿ ಅಂದುಕೊಂಡಿದೆ.

ಎರಡು ವರ್ಷ ಒಬ್ಬ ಪೆಂಡಾಲಿನವನ ಕೈಯಲ್ಲಿದ್ದು ಮದುವೆಗಳಲ್ಲಿ ‘ಊಟಕ್ಕೆ ಏಳಿ’ ಎಂದು ಕೂಗಿದೆ. ಅವನು ನನ್ನನ್ನು ಹೊಸಪೇಟೆಯ ಎಗ್ಜಿಬಿಷನ್ನಿಗೆ ಮಾರಿದ. ಅಲ್ಲಿ ಸಿಕ್ಕವನು ಹುಲುಗಪ್ಪ, ಜೈಂಟ್ ವೀಲ್ ಮುಂದೆ ನಿಂತು ಜನರನ್ನು ಕರೆಯುವವನು. ಕಡ್ಡಿಯನ್ನು ಗುಡ್ಡ ಮಾಡುವುದನ್ನು ಅವನಿಂದಲೇ ಕಲಿಯಬೇಕು. ನಲವತ್ತು ಅಡಿಯ ಚಕ್ರ ಅವನ ಬಾಯಲ್ಲಿ ಮುಗಿಲು ಮುಟ್ಟುತ್ತಿತ್ತು. ತುಕ್ಕು ಹಿಡಿದ ತೊಟ್ಟಿಲು ಇಂದ್ರನ ಪಲ್ಲಕ್ಕಿಯಾಗುತ್ತಿತ್ತು. ಕನ್ನಡ, ತೆಲುಗು, ಉರ್ದು, ಮೂರರಲ್ಲೂ ಅದೇ ಕಥೆ. ನಾನೂ ನಾಚಿಕೆಯಿಲ್ಲದೆ ಕೂಗಿದೆ.

ಒಂದು ವರ್ಷ ಹಂಪಿ ನೋಡಲು ಸ್ಪೇನ್ ದೇಶದವರ ದೊಡ್ಡ ಗುಂಪು ಬರುವ ಸುದ್ದಿ ಬಂತು. ಮಾಲೀಕ ಬಸವಂತಪ್ಪ ಹುಕುಂ ಮಾಡಿದ: “ಅವರ ಮಾತಿನ್ಯಾಗ ಕರೀಬೇಕು ನೋಡು. ಆಗಲ್ಲಾಂದ್ರ ಬ್ಯಾರೆಯವ್ರನ್ನ ಇಟ್ಕಂತೀನಿ.”

ಹುಲುಗಪ್ಪನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಹಂಪಿಯ ಗೈಡ್ ನಗೀನಾ ಮಧ್ಯಾಹ್ನ ಬಂದು ಕಲಿಸತೊಡಗಿದಳು. ನೋರಿಯಾ ಎಂದರೆ ಚಕ್ರ. ಗ್ರಾಂದೆ, ದೊಡ್ಡದು. ವಿಯೇಹಾ, ಹಳೆಯದು. ತೆಂಗೊ ಮಿಯೇದೊ, ನನಗೆ ಭಯ. ಆ ಹೊಸ ಸದ್ದುಗಳು ನನ್ನ ಜಾಲರಿಗೆ ಕಚಗುಳಿ ಇಟ್ಟವು. ಸ್ಪೇನಿನಲ್ಲೂ ಚಕ್ರದ ಮುಂದೆ ಒಬ್ಬ ಹೀಗೇ ನಿಂತು ಕೂಗುತ್ತಾನೆಯೇ? ಅವನ ಮೈಕಿಗೂ ಎಲೆಯಡಿಕೆ ವಾಸನೆ ಬಡಿಯುತ್ತದೆಯೇ?

“ಭಯ ಅನ್ನಾದು ಯಾಕವ್ವಾ? ಜನ ಓಡಿ ಹೊಕ್ಕಾರ.”

“ಭಯ ಆಗ್ಲಿ ಅಂತಾನೇ ಹತ್ತೋದು ಕಾಕಾ,” ಎಂದು ನಗೀನಾ ನಕ್ಕಳು.

ಎಂಟು ಮಾತು ಬಾಯಿಗೆ ಬರುವಷ್ಟರಲ್ಲಿ ಗುಂಪು ಬಂದೇಬಿಟ್ಟಿತು. ಅದೇ ಬೆಳಿಗ್ಗೆ ಖಾಲಿ ಚಕ್ರ ತಿರುಗಿಸಿದಾಗ ಅಚ್ಚು ಕಿರುಗುಟ್ಟಿತ್ತು. ಹುಲುಗಪ್ಪ ಹೇಳಿದರೆ ಮಾಲೀಕ, “ಭಾನುವಾರ ಮುಗೀಲಿ, ನೋಡಾಣ” ಎಂದು ಬಾಯಿ ಮುಚ್ಚಿಸಿದ್ದ. ಸಂಜೆ ಮೊದಲ ಸುತ್ತಿಗೆ ಸಾಲು ನಿಂತಿತು. ಎಲ್ಲರಿಗಿಂತ ಮುಂದಿದ್ದ ಬಿಳಿಕೂದಲ ಅಜ್ಜಿ ಚಕ್ರ ತೋರಿಸಿ ಏನೋ ಕೇಳಿದಳು.

“ಹತ್ತಬಹುದಾ ಅಂತ ಕೇಳ್ತಿದಾಳೆ,” ಎಂದಳು ಗುಂಪಿನ ಜೊತೆ ಬಂದಿದ್ದ ನಗೀನಾ.

ಕನ್ನಡದಲ್ಲಾಗಿದ್ದರೆ ‘ಹೂವಿನಂಗ ತಿರುಗ್ತದ, ಬಾ’ ಎಂದುಬಿಡುತ್ತಿದ್ದ. ಸ್ಪ್ಯಾನಿಷಿನಲ್ಲಿ ಅವನಿಗೆ ಹೂವೂ ಗೊತ್ತಿಲ್ಲ, ಇಂದ್ರನೂ ಗೊತ್ತಿಲ್ಲ. ಇದ್ದ ಎಂಟರಲ್ಲಿ ಹುಡುಕಾಡಿದ. “ವಿಯೇಹಾ,” ಎಂದ. ಆಮೇಲೆ ಮೆಲ್ಲಗೆ, “ತೆಂಗೊ ಮಿಯೇದೊ.” ನಾನು ಅದನ್ನು ಮೈದಾನಕ್ಕೆಲ್ಲ ಸಾರಿದೆ. ಅಜ್ಜಿ ಅವನ ಮುಖವನ್ನೇ ನೋಡಿದಳು, ಕೈ ಒತ್ತಿದಳು, ತನ್ನವರನ್ನು ಕರೆದುಕೊಂಡು ಸಾಲು ಬಿಟ್ಟಳು.

ಸಾಲಿನಲ್ಲಿ ಅವರ ಹಿಂದೆ ಕಂಕುಳಲ್ಲಿ ಕೂಸು ಇಟ್ಟುಕೊಂಡು ನಿಂತಿದ್ದ ಹೆಂಗಸು ಕೇಳಿದಳು: “ಅವ್ರಿಗೇನ್ ಹೇಳ್ದಿ ಯಣ್ಣಾ? ನಮಗೂ ಹೇಳು.”

ಹುಲುಗಪ್ಪ ನನ್ನನ್ನು ಮತ್ತೆ ಬಾಯಿಗೆ ಹಿಡಿದ. ಕನ್ನಡದಲ್ಲಿ ಅವನಿಗೆ ಮಾತಿನ ಬರವಿರಲಿಲ್ಲ. ಆದರೂ ಈ ಸಲ ಹೂವನ್ನೂ ಇಂದ್ರನನ್ನೂ ಬಿಟ್ಟ.

“ಅಚ್ಚು ಸಪ್ಳ ಮಾಡಾಕತ್ತೈತಿ ಯವ್ವಾ. ಹತ್ತಬ್ಯಾಡ್ರಿ.”

ನನಗೆ ಹೆಮ್ಮೆಯಾಯಿತು, ನಡುಕವೂ ಬಂತು. ಬಸವಂತಪ್ಪ ಓಡಿಬಂದು ನನ್ನನ್ನು ಕಿತ್ತುಕೊಂಡು, “ಸುಳ್ಳು! ಬರ್ರಿ, ಬರ್ರಿ!” ಎಂದು ಅರಚಿದ. ಒಬ್ಬರೂ ಮುಂದೆ ಬರಲಿಲ್ಲ. ಸಿಟ್ಟಿಗೆ ನನ್ನನ್ನು ನೆಲಕ್ಕೆ ಬಡಿದ. ಹುಲುಗಪ್ಪನ ಕೆಲಸ ಅಲ್ಲಿಗೆ ಹೋಯಿತು. ಒಡೆದ ನನ್ನನ್ನು ಟವೆಲಿನಲ್ಲಿ ಸುತ್ತಿ ಮನೆಗೆ ತಂದ.

ಈಗ ನಾನು ಅವನ ಮನೆಯ ಗೋಡೆಗೂಡಿನಲ್ಲಿದ್ದೇನೆ. ಅವನು ಬಸ್ ನಿಲ್ದಾಣದ ಬಳಿ ಸೋಡಾ ಮಾರುತ್ತಾನೆ. ಯಾವ ಎಗ್ಜಿಬಿಷನ್ ಬಂದರೂ ಓಣಿಯವರು ಬಾಗಿಲಿಗೆ ಬಂದು, “ಹುಲುಗಪ್ಪಣ್ಣಾ, ಹತ್ತಬೌದಾ?” ಎಂದು ಕೇಳುತ್ತಾರೆ. ಅವನು ಹೋಗಿ, ಕಿವಿಗೊಟ್ಟು ನೋಡಿ ಬಂದು, ತಗ್ಗಿದ ದನಿಯಲ್ಲಿ ಹೇಳುತ್ತಾನೆ. ಆ ಮಾತು ಓಣಿಯೆಲ್ಲ ಮುಟ್ಟಲು ಮೈಕು ಬೇಕಿಲ್ಲ. ಅದಕ್ಕೆ ನನಗೆ ಬೇಸರವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಸುಳ್ಳು ಹೇಳುವುದನ್ನು ನಾನೂ ಬಿಟ್ಟಿದ್ದೇನೆ.